ಹಂಚಿನ ಕೆಳಗೆ: ಸಾಗರದಿಂದ ಮೂಡುಬಿದಿರೆಯವರೆಗೆ

ಗುರುವಾರ: ಸಾಗರದ ಸುತ್ತ

ಮಲೆನಾಡಿನ ಹಳೆಯ ಮನೆಗಳ ಚಿತ್ರ ತೆಗೆಯಲು ಅಡಿಕೆ ಕೊಯ್ಲಿಗಿಂತ ಒಳ್ಳೆಯ ಕಾಲವಿಲ್ಲ. ಮಳೆಗಾಲದಲ್ಲಿ ಎರಚಲು ಬಡಿಯದಂತೆ ಗೋಡೆಗಳಿಗೆ ಸೋಗೆಯ ತಟ್ಟಿ ಕಟ್ಟಿರುತ್ತಾರೆ. ಮನೆಯ ಮುಖವೇ ಕಾಣುವುದಿಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಂಗಳ ಖಾಲಿ, ಎಲ್ಲರೂ ಒಳಗೆ ಮಲಗಿರುತ್ತಾರೆ. ಡಿಸೆಂಬರ್ ಬಂತೆಂದರೆ ಇಡೀ ಮನೆ ದುಡಿಯತೊಡಗುತ್ತದೆ. ಅಂಗಳದ ಚಪ್ಪರದ ಮೇಲೆ ಅಡಿಕೆ, ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಸುಲಿಯುವವರು, ಹಿತ್ತಲಿನಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ. ಯಾವ ಜಾಗವನ್ನು ಯಾಕೆ ಹಾಗೆ ಕಟ್ಟಿದ್ದಾರೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಿನ ಹೊತ್ತಿಗೆ ಸಾಗರ ಸೇರಿದೆವು. ಕಾರು ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ. ಭಾವನಿಗೆ ಮರದ ಕೆಲಸ ಚೆನ್ನಾಗಿ ಗೊತ್ತು, ಜೇಬಿನಲ್ಲಿ ಸದಾ ಅಳತೆಯ ಟೇಪು ಇರುತ್ತದೆ. ಹಳೆಯ ಮನೆ ನೋಡಲು ಹೋಗುವವರಿಗೆ ಇಂಥವರೊಬ್ಬರು ಜೊತೆಗಿದ್ದರೆ ದೊಡ್ಡ ಭಾಗ್ಯ. ನಾನು ಬೆಳಕನ್ನು ನೋಡುತ್ತಿದ್ದರೆ ಅವರು ತೊಲೆ ಎಲ್ಲಿ ಕೂತಿದೆ ಎಂದು ನೋಡುತ್ತಿರುತ್ತಾರೆ.

ಸಾಗರದಲ್ಲಿ ಗಂಧದ ಕೆತ್ತನೆಯ ಗುಡಿಗಾರರು ತಲೆಮಾರುಗಳಿಂದ ಇದ್ದಾರೆ. ಬೆಳಿಗ್ಗೆಯೇ ಬಾಗಿಲು ತೆರೆದಿದ್ದ ಒಂದು ಕೆತ್ತನೆಯ ಕೋಣೆಗೆ ಹೋಗಿ ಕುಳಿತೆವು. ಹಿರಿಯ ಕೆತ್ತನೆಗಾರರು ಗಣಪತಿಯ ಸೊಂಡಿಲನ್ನು ನಯಗೊಳಿಸುತ್ತಲೇ ಮಾತನಾಡಿದರು. ಹಳೆಯ ಮನೆಗಳ ಮುಂಡಿಗೆ, ಅಂದರೆ ಮರದ ಕಂಬ, ನೋಡುವುದಾದರೆ ಮೊದಲು ಬೋದಿಗೆಯನ್ನು ನೋಡಿ ಎಂದರು. ಮುಂಡಿಗೆಯ ತಲೆಯ ಮೇಲೆ ಕೂತು ತೊಲೆಯ ಭಾರವನ್ನು ಎರಡೂ ಕಡೆಗೆ ಹಂಚುವ ಮರದ ತುಂಡು ಅದು. "ಕಂಬವನ್ನು ಯಾರಾದರೂ ಕೆತ್ತಬಹುದು. ಬೋದಿಗೆ ತಪ್ಪಿದರೆ ಮಾಡೇ, ಇಡೀ ಚಾವಣಿಯೇ ಕುಸಿದು ಕೂರುತ್ತದೆ" ಎಂದು ಉಳಿಯನ್ನು ಎತ್ತಿ ತೋರಿಸಿದರು. ಪ್ರವಾಸದುದ್ದಕ್ಕೂ ನಾನು ಎಲ್ಲ ಮನೆಗಳಲ್ಲೂ ಮೊದಲು ತಲೆಯೆತ್ತಿ ನೋಡಿದ್ದು ಈ ಮಾತಿನಿಂದಾಗಿ.

ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು, ಕೆಳದಿಯ ರಾಮೇಶ್ವರ ದೇವಸ್ಥಾನವನ್ನು ಒಂದು ಸುತ್ತು ಹಾಕಿ, ಸಂಜೆ ಮುಖ್ಯರಸ್ತೆ ಬಿಟ್ಟು ಒಳದಾರಿ ಹಿಡಿದೆವು. ಗದ್ದೆಯ ಅಂಚಿನಲ್ಲಿರುವ ದೀವರ ಸಮುದಾಯದವರ ಒಂದು ಮನೆಯಲ್ಲಿ ಹಸೆ ಚಿತ್ತಾರ ಇದೆಯೆಂದು ಚಹಾದ ಅಂಗಡಿಯವರು ಹೇಳಿದ್ದರು. ಚಿಕ್ಕ ಮನೆ, ತಗ್ಗಿದ ಮಾಡು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು. ಮನೆಯ ಅಮ್ಮ ಕುಂಚವನ್ನು ತಂದು ತೋರಿಸಿದರು: ಪುಂಡಿ ನಾರಿನ ಒಂದು ತೆಳುವಾದ ಎಳೆಗಟ್ಟು. ಕಪ್ಪಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬುಟ್ಟಿ ಜಂತಿಗೆ ನೇತುಹಾಕಿದ್ದು ಇನ್ನೂ ಹಾಗೆಯೇ ಇತ್ತು. ಇಂಥ ಗೋಡೆಗೆ ಫ್ಲ್ಯಾಷ್ ಹಾಕಿದರೆ ಕೆಮ್ಮಣ್ಣಿನ ಕೆಂಪು ಸತ್ತುಹೋಗುತ್ತದೆ. ಬಾಗಿಲಿನಿಂದ ಓರೆಯಾಗಿ ಬರುವ ಸಂಜೆಯ ಬೆಳಕನ್ನು ಕಾದು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ನಿಧಾನವಾಗಿ ತೆಗೆದೆ. ಬಿಳಿ ಗೆರೆ ಗೋಡೆಯಿಂದ ಕೂದಲೆಳೆಯಷ್ಟು ಉಬ್ಬಿರುವುದು ಆಗಲೇ ಕಂಡಿತು.

ದೊಡ್ಡ ಮನೆಗಳ ಚಿತ್ರ ತೆಗೆಯುವವರು ಬಹಳ ಜನ. ಇಂಥ ತಗ್ಗು ಮಾಡಿನ ಮನೆಗಳತ್ತ ಕ್ಯಾಮೆರಾ ಹಿಡಿದವರು ಹೋಗುವುದೇ ಅಪರೂಪ. ಮಣ್ಣಿನ ಗೋಡೆ ಕಿತ್ತು ಸಿಮೆಂಟಿನ ಗೋಡೆ ಎದ್ದ ದಿನ ಚಿತ್ತಾರವೂ ಮನೆಯಿಂದ ಹೊರಬಿದ್ದು ಚೌಕಟ್ಟಿನೊಳಗಿನ ಚಿತ್ರವಾಗುತ್ತದೆ. ಗೋಡೆಯ ಮೇಲೆ ಇರುವಾಗಲೇ ನೋಡಿ ಬರಬೇಕು.

ಶುಕ್ರವಾರ: ಹಿನ್ನೀರಿನ ಆಚೆ

ಬೆಳಿಗ್ಗೆ ಎಂಟಾದರೂ ಮಂಜು ಕರಗಿರಲಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿಗೆ ಕಟ್ಟಿದ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದಿದೆ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ ಉದ್ದ. ಹಿಂದೆ ಇಲ್ಲಿ ಲಾಂಚಿಗಾಗಿ ಕಾಯಬೇಕಿತ್ತು, ಸಂಜೆ ಕೊನೆಯ ಲಾಂಚು ತಪ್ಪಿದರೆ ಆಚೆಯ ದಡದಲ್ಲೇ ರಾತ್ರಿ. ಈಗ ಕೆಲವೇ ನಿಮಿಷಗಳ ದಾರಿ. ಸೇತುವೆಯ ಕೆಳಗೆ ಮಂಜಿನೊಳಗೆ ನೀರು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುತ್ತಿರಲಿಲ್ಲ.

ತುಮರಿಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಅಲ್ಲಿಯೇ ಊಟಕ್ಕೆ ಕುಳಿತಿದ್ದ ಕೊನೆಗೌಡರೊಬ್ಬರನ್ನು ಮಾತಿಗೆಳೆದೆವು. ಅಡಿಕೆ ಮರ ಹತ್ತಿ ಕೊನೆ ಇಳಿಸುವವರಿಗೆ ಸುತ್ತಲಿನ ಎಲ್ಲ ಮನೆಗಳ ಅಂಗಳವೂ ಗೊತ್ತಿರುತ್ತದೆ. ನಕ್ಷೆಗಿಂತ ಅವರನ್ನು ಕೇಳುವುದೇ ಮೇಲು. ಅವರು ಹೇಳಿದ ದಾರಿಯಲ್ಲಿ, ಜಂಬಿಟ್ಟಿಗೆಯ ಕೆಂಪು ಧೂಳು ಎದ್ದ ಮಣ್ಣುರಸ್ತೆಯಲ್ಲಿ ಇಳಿದು, ತೋಟದ ತಲೆಯಲ್ಲಿದ್ದ, ನಡುವೆ ತೆರೆದ ಅಂಗಳವಿರುವ ಒಂದು ತೊಟ್ಟಿ ಮನೆಯ ಮುಂದೆ ನಿಂತೆವು.

ಇಂಥ ಮನೆಗಳಿಗೆ ಹೋಗುವಾಗ ನಾನು ಕ್ಯಾಮೆರಾವನ್ನು ಚೀಲದೊಳಗೇ ಇಟ್ಟಿರುತ್ತೇನೆ. ಚಪ್ಪಲಿಯನ್ನು ಅಂಗಳದ ಅಂಚಿನಲ್ಲಿ ಬಿಟ್ಟು, ಜಗಲಿಯ ಕೆಳಗೆ ನಿಂತು, ಯಾರಿದ್ದೀರಿ ಎಂದು ಕೂಗುವುದು. ದೇವರ ಕೋಣೆ ಮತ್ತು ಅಡುಗೆಮನೆಯ ವಿಷಯವನ್ನು ಅವರೇ ಎತ್ತುವವರೆಗೆ ಎತ್ತುವುದಿಲ್ಲ. ಯಜಮಾನರು ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಚಿತ್ರ ಆಮೇಲೆ ತೆಗೆಯಿರಿ, ಮೊದಲು ಕುಳಿತುಕೊಳ್ಳಿ. ಆಸರಿಗೆ ಏನು ಬೇಕು?" ಎಂದರು. ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಬಂತು.

ಅವರ ತಂದೆ ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಮನೆ ಎಷ್ಟು ಹಳೆಯದು ಎಂದು ಕೇಳಿದ್ದಕ್ಕೆ ಅವರು ಮರುಪ್ರಶ್ನೆ ಹಾಕಿದರು: "ಇಲ್ಲಿನ ಲೆಕ್ಕವೋ, ಅಲ್ಲಿನ ಲೆಕ್ಕವೋ?" ಅಲ್ಲಿ ಎಂದು ಅವರು ಕೈ ತೋರಿಸಿದ್ದು ಹಿನ್ನೀರಿನ ಕಡೆಗೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದಕ್ಕೂ ಮೊದಲೇ ಊರು ಬಿಡಬೇಕಾಯಿತು. "ಮನೆ ಮುಳುಗಲಿಲ್ಲ ತಮ್ಮಾ, ನೆಲ ಮುಳುಗಿತು. ಮನೆಯನ್ನು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದೆವು. ನಾನು ಆಗ ಸಣ್ಣವನು, ದಳಿಗಳ ಮೇಲೆ ಕುಳಿತು ಬಂದೆ."

ದಳಿ ಎಂದರೆ ಜಗಲಿಯ ಮುಂಭಾಗಕ್ಕೆ ಹಾಕುವ ಮರದ ಸರಳುಗಳ ಸಾಲು. ಅದರ ಮೇಲೆ ಕುಳಿತು ಬಂದ ಹುಡುಗ ಈಗ ಅದೇ ದಳಿಯ ಹಿಂದೆ ಎಲೆ ಅಡಿಕೆ ಹಾಕುತ್ತಿದ್ದ. ಭಾವ ಎದ್ದು ಮುಂಡಿಗೆಗಳ ಸುತ್ತ ಓಡಾಡತೊಡಗಿದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು. "ಇಲ್ಲಿ ಬಾ, ಇದನ್ನು ನೋಡು." ಮುಂಡಿಗೆಯ ತಲೆಯ ಹತ್ತಿರ, ಬೋದಿಗೆ ಕೂರುವ ಜಾಗದಲ್ಲಿ, ಉಳಿಯಿಂದ ಕೊರೆದ ಮೂರು ಗೀರು. ಬೋದಿಗೆಯ ತಳದಲ್ಲಿ ಮೂರು ಗೀರು. ತೊಲೆಯ ಬದಿಯಲ್ಲೂ ಮೂರು. ಪಕ್ಕದ ಕಂಬದಲ್ಲಿ ಎಲ್ಲವೂ ನಾಲ್ಕು. ಬಿಚ್ಚಿದ ಮನೆಯನ್ನು ಮತ್ತೆ ಜೋಡಿಸಲು ಬಡಗಿಗಳು ಬಿಟ್ಟ ಗುರುತು ಅದು. ಹಲಸಿನ ಮರದ ಮೇಲೆ ದಶಕಗಳ ಎಣ್ಣೆ, ಹೊಗೆ, ಕೈಯ ಬೆವರು ಕೂತು ಗೀರುಗಳ ಅಂಚು ಮಂದವಾಗಿತ್ತು. ಬೆರಳಿಟ್ಟರೆ ಮಾತ್ರ ಸ್ಪಷ್ಟ. ಟಾರ್ಚನ್ನು ಮರಕ್ಕೆ ಒತ್ತಿದಂತೆ ಅಡ್ಡಲಾಗಿ ಹಿಡಿಸಿ, 50 ಮಿಲಿಮೀಟರ್ ಲೆನ್ಸಿನಲ್ಲಿ ಒಂದೊಂದನ್ನೂ ತೆಗೆದೆ. ಪ್ರತಿಯೊಂದರ ಪಕ್ಕದಲ್ಲೂ ಭಾವ ಟೇಪು ಹಿಡಿದು ನಿಂತರು. ಟೇಪು ಇದ್ದರೆ ಚಿತ್ರದ ಅಂದ ಕೆಡುತ್ತದೆ ಎನ್ನುವವರಿದ್ದಾರೆ. ಟೇಪು ಇಲ್ಲದ ಒಂದು, ಇರುವ ಒಂದು ತೆಗೆದರೆ ಆಯಿತು. ಮುಂದೆ ಬಡಗಿಗೆ ಬೇಕಾಗುವುದು ಎರಡನೆಯದು.

ಬಚ್ಚಲಿನ ಕಡೆಯ ಮೂಲೆಯ ಮುಂಡಿಗೆಗೆ ಬುಡದಲ್ಲಿ ಗೆದ್ದಲು ಹಿಡಿದಿತ್ತು. ಭಾವ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, ಒಳಗೆ ಟೊಳ್ಳಾಗಿದೆ ಎಂದರು. ಪಕ್ಕದಲ್ಲಿ ಇಟ್ಟಿಗೆಯ ಕಂಬ ಕೊಟ್ಟು ತೊಲೆಯನ್ನು ನಿಲ್ಲಿಸಿದ್ದರು. ಪೇಟೆಯಿಂದ ಬಂದ ವ್ಯಾಪಾರಿಗಳು ಮುಂಡಿಗೆ, ಬಾಗಿಲುವಾಡ ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದಾಗಿ ಕೇಳಿಹೋಗಿದ್ದಾರಂತೆ. ರೆಸಾರ್ಟುಗಳಿಗೆ ಹಳೆಯ ಮರ ಬೇಕು. ಯಜಮಾನರು ಕೊಟ್ಟಿಲ್ಲ. ಆ ಕಾರಣಕ್ಕೇ ನಾನು ಈ ಮನೆಯ ಊರಿನ ಹೆಸರು ಬರೆಯುತ್ತಿಲ್ಲ, ಚಿತ್ರಗಳಲ್ಲಿ ಸೇರಿಕೊಳ್ಳುವ ಜಾಗದ ವಿವರವನ್ನೂ ಅಳಿಸುತ್ತೇನೆ. ಹಳೆಯ ಮನೆಗಳ ಚಿತ್ರ ತೆಗೆಯುವ ಎಲ್ಲರೂ ಹಾಗೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತೊಟ್ಟಿಯೊಳಗೆ ಬೆಳಕು ನೇರವಾಗಿ ಇಳಿಯುತ್ತದೆ, ಸುತ್ತಲಿನ ಜಗಲಿಗಳಿಗೆ ನೆಲದಿಂದ ಚಿಮ್ಮಿದ ಬೆಳಕು ಸಿಗುತ್ತದೆ. ಹೊರಾಂಗಣದ ಚಿತ್ರಕ್ಕೆ ಕೆಟ್ಟ ಹೊತ್ತಾದರೂ ತೊಟ್ಟಿಗೆ ಅದೇ ಒಳ್ಳೆಯದು. ಆದರೂ ನಡುವಿನ ಬಿಳುಪಿಗೂ ಮೂಲೆಯ ಕತ್ತಲಿಗೂ ಬಹಳ ಅಂತರ. ಮುಕ್ಕಾಲಿಯನ್ನು ಕಂಬದ ನಡುಮಟ್ಟಕ್ಕೆ ಏರಿಸಿ ಕ್ಯಾಮೆರಾವನ್ನು ಮಟ್ಟಸವಾಗಿ ನಿಲ್ಲಿಸಿದರೆ ಮುಂಡಿಗೆಗಳು ಹಿಂದಕ್ಕೆ ವಾಲಿದಂತೆ ಕಾಣುವುದಿಲ್ಲ. ಬೆಳಕಿನ ಪ್ರಮಾಣ ಬದಲಿಸಿ ಮೂರು ಚಿತ್ರ ತೆಗೆದು ಆಮೇಲೆ ಕೂಡಿಸುವುದು ನನ್ನ ರೂಢಿ. ಮೂಲೆಗಳನ್ನು ಪೂರ್ತಿ ಬೆಳಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಕತ್ತಲಿನ ಮೂಲೆ ಇಲ್ಲದ ತೊಟ್ಟಿ ಮನೆ ಎಲ್ಲೂ ಇಲ್ಲ.

ಅಷ್ಟರಲ್ಲಿ ಆಕಾಶ ಮುಚ್ಚಿತು. ಮೋಡದ ಬೆಳಕು ಹದವಾಗಿ ಹರಡುತ್ತದೆಂದು ನನಗೆ ಖುಷಿ. ಯಜಮಾನರ ಮುಖ ಮಾತ್ರ ಬಾಡಿತು. ಬೇಯಿಸಿದ ಅಡಿಕೆ ಚಪ್ಪರದ ಮೇಲಿತ್ತು. ಈ ಹಂತದಲ್ಲಿ ಮಳೆ ತಗುಲಿದರೆ ಬೂಸಲು ಬಂದು ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ. ಮೊದಲ ಹನಿ ಬಿದ್ದಾಗ ಸುಲಿಯುತ್ತಿದ್ದವರೆಲ್ಲ ಎದ್ದು ಓಡಿದರು. ನಾನು ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ಟಾರ್ಪಾಲಿನ ಒಂದು ತುದಿ ಹಿಡಿದೆ, ಭಾವ ಇನ್ನೊಂದು ತುದಿ. ಅಡಿಕೆಯನ್ನು ಎಳೆದು ರಾಶಿ ಮಾಡಿ ಮುಚ್ಚುವಷ್ಟರಲ್ಲಿ ಅಂಗಿ ತೊಯ್ದು ಕೈಗೆಲ್ಲ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ರಸದ, ಕೆಂಪು ಹತ್ತಿತ್ತು. ಮಳೆ ಅರ್ಧ ಗಂಟೆ ಸುರಿಯಿತು. ನಾಲ್ಕೂ ಕಡೆಯ ಮಾಡಿನಿಂದ ನೀರು ತೊಟ್ಟಿಗೆ ಇಳಿದು, ಕಲ್ಲಿನ ಕಂಡಿಯಲ್ಲಿ ತೋಟದ ಕಡೆಗೆ ಹರಿದುಹೋಯಿತು. ಹೆಚ್ಚಾಗಿ ಜೂನ್‌ನಲ್ಲಿ ಕಾಣುವ ನೋಟ ಡಿಸೆಂಬರ್‌ನಲ್ಲಿ ಸಿಕ್ಕಿದರೂ, ಒಳಗೆ ಅಡಿಕೆಯ ಚಿಂತೆ ಮಾಡುತ್ತಾ ಕುಳಿತವರ ನಡುವೆ ಸಂಭ್ರಮಿಸಲು ಮನಸ್ಸಾಗಲಿಲ್ಲ. ಬೇಡವೆಂದರೂ ಬಿಡದೆ ಊಟಕ್ಕೆ ಕೂರಿಸಿದರು. ಒಂದೆಲಗದ ತಂಬುಳಿ, ಅಪ್ಪೆಮಿಡಿ, ಬಾಳೆಕಾಯಿ ಪಲ್ಯ, ಕೊನೆಗೆ ತುಪ್ಪ ಸವರಿದ ತೊಡೆದೇವು.

ಊಟವಾದ ಮೇಲೆ ಮನೆಯ ಅಮ್ಮನೇ ಅಡುಗೆಮನೆಗೆ ಕರೆದರು. ಒಲೆಯ ಮೇಲಿನ ಅಟ್ಟ, ಅದರ ಮೇಲೆ ಮಾಡಿನ ಇಳಿಜಾರಿನ ಪಕಾಸು, ಅದಕ್ಕೆ ಅಡ್ಡಲಾಗಿ ಹಂಚನ್ನು ಹೊರುವ ರೀಪು ಎಲ್ಲ ಮಸಿಹಿಡಿದು ಹೊಳೆಯುತ್ತಿದ್ದವು. "ಗ್ಯಾಸು ಇದೆ. ಆದರೆ ದಿನಕ್ಕೊಮ್ಮೆ ಒಲೆಗೆ ಬೆಂಕಿ ಹಾಕಲೇಬೇಕು. ಹೊಗೆ ತಾಗದಿದ್ದರೆ ಮಾಡಿಗೆ ಹುಳ ಬೀಳುತ್ತದೆ" ಎಂದರು. ಹೊಗೆ ಮಾಡಿನ ಮರವನ್ನು ಒಣಗಿಸುತ್ತದೆ, ಕೊರೆಹುಳುವನ್ನು ದೂರವಿಡುತ್ತದೆ. ಇದರ ಜೊತೆಗೆ ವರ್ಷಕ್ಕೊಮ್ಮೆ ಮಳೆಗೆ ಮೊದಲು ಹಂಚು ಕೈಯಾಡಿಸಬೇಕು: ಸರಿದ ಹಂಚನ್ನು ಕೂರಿಸಿ, ಒಡೆದದ್ದನ್ನು ಬದಲಿಸಿ, ಸಂದಿಯ ಕಸ ತೆಗೆಯುವ ಕೆಲಸ. ಇಷ್ಟು ನಡೆಯುತ್ತಿದ್ದರೆ ಮಣ್ಣಿನ ಗೋಡೆಯೂ ನಿಲ್ಲುತ್ತದೆ.

ಬ್ಯಾಕೋಡು ದಾಟಿ ನಿಟ್ಟೂರಿನ ಕಡೆಗೆ ಹೋಗುವಾಗ ಕಾಡಿನ ನಡುವೆ ಟಯರು ಪಂಕ್ಚರಾಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ, ಬದಲಿ ಚಕ್ರದ ನಟ್ಟು ಜಪ್ಪಯ್ಯ ಎಂದರೂ ತಿರುಗದು. ಹುಲ್ಲು ಹೇರಿಕೊಂಡು ಬಂದ ಜೀಪಿನವರು ಇಳಿದು, ಉದ್ದನೆಯ ಕಬ್ಬಿಣದ ಕೊಳವೆಯನ್ನು ಸ್ಪ್ಯಾನರಿಗೆ ಸಿಕ್ಕಿಸಿ ಒಂದೇ ಒತ್ತಿಗೆ ಬಿಚ್ಚಿಕೊಟ್ಟರು. ಈ ಭಾಗಕ್ಕೆ ಬರುವವರು ಬದಲಿ ಚಕ್ರದ ಗಾಳಿಯನ್ನು ಸಾಗರದಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ನಗರ ಎಂಬ ಊರಿನ ಬಳಿಯ ಹೋಮ್‌ಸ್ಟೇ ಸೇರಿದಾಗ ಗಂಟೆ ಒಂಬತ್ತು ದಾಟಿತ್ತು.

ಶನಿವಾರ: ತೀರ್ಥಹಳ್ಳಿ, ಕುಪ್ಪಳಿ

ನಗರದ ಕೋಟೆಯನ್ನು ಬೆಳಗಿನ ಚಳಿಯಲ್ಲಿ ಹತ್ತಿ ಇಳಿದೆವು. 1763ರಲ್ಲಿ ಹೈದರಾಲಿ ವಶಪಡಿಸಿಕೊಳ್ಳುವ ಮೊದಲು ಇದು ಬಿದನೂರು, ಕೆಳದಿ ಅರಸರ ರಾಜಧಾನಿ. ಕಲ್ಲಿನ ಗೋಡೆ ಉಳಿದಿದೆ. ಮನುಷ್ಯರು ವಾಸವಿದ್ದ ಮರದ ಕಟ್ಟಡ ಒಂದೂ ಇಲ್ಲ.

ತೀರ್ಥಹಳ್ಳಿ ತಲುಪುವ ಮೊದಲು ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಪಾಳುಮನೆ ಕಂಡಿತು. ನೆರೆಮನೆಯವರನ್ನು ಕೇಳಿ, ಅವರು ಮನೆಯವರಿಗೆ ಫೋನು ಮಾಡಿ ಒಪ್ಪಿಗೆ ಪಡೆದ ಮೇಲೆ ಒಳಗೆ ಹೋದೆವು. ಮಕ್ಕಳೆಲ್ಲ ಊರು ಬಿಟ್ಟು ಹೆಚ್ಚು ವರ್ಷವೇನೂ ಆಗಿಲ್ಲ. ಬಿದ್ದಿರುವ ಕ್ರಮ ಮಾತ್ರ ಸ್ಪಷ್ಟವಾಗಿ ಓದಲು ಸಿಗುತ್ತಿತ್ತು: ಅಡುಗೆಮನೆಯ ಮೇಲೆ ಹಂಚು ಸರಿದಿದೆ, ಅಲ್ಲಿಂದ ನೀರು ಇಳಿದು ರೀಪು ಕೊಳೆತಿದೆ, ಪಕಾಸು ಜಾರಿದೆ, ಗೋಡೆಯ ತಲೆ ನೆನೆದು ಮಣ್ಣು ಕುಸಿದಿದೆ. ಒಲೆ ಆರಿದ ಕೋಣೆಯೇ ಮೊದಲು ಬಿದ್ದಿತ್ತು. ಹಿಂದಿನ ದಿನ ಕೇಳಿದ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಂಥ ಮನೆಗಳಲ್ಲಿ ಮಹಡಿ ಹತ್ತಬಾರದು, ಕೋಲಿನಿಂದ ನೆಲ ತಟ್ಟುತ್ತಾ ಹೋಗಬೇಕು. ಹಾವಿಗೂ ತಂಪು ಬೇಕು. ಅಂಗಳದಲ್ಲಿ ಬಿದ್ದಿದ್ದ ಹಂಚನ್ನು ಭಾವ ಮಗುಚಿ ನೋಡಿದರು. ಕೆಳಗೆ ಬಾಸೆಲ್ ಮಿಷನ್ ಹೆಸರು, 1865 ಎಂಬ ಇಸವಿ. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ ಅದು. ಮನೆಯೂ ಆ ವರ್ಷದ್ದೇ ಎಂದು ತಿಳಿಯುವವರಿದ್ದಾರೆ. ಹಂಚಿನ ಗುರುತು ಕಾರ್ಖಾನೆಯದು, ಮನೆಯ ವಯಸ್ಸಿಗೆ ಮರದ ಕೆಲಸವನ್ನೇ ನೋಡಬೇಕು.

ತೀರ್ಥಹಳ್ಳಿಯಲ್ಲಿ ಕಡುಬು, ಕೋಳಿಸಾರಿನ ಊಟ. ಕೊಪ್ಪದ ದಾರಿಯಲ್ಲಿ ಗಡಿಕಲ್ ಬಳಿ ತಿರುಗಿ ಕುಪ್ಪಳಿಗೆ ಹೋದೆವು. ಕುವೆಂಪು ಬೆಳೆದ ಮನೆ ಈಗ ಸ್ಮಾರಕ. ಮೂರು ಅಂತಸ್ತಿನ ಮನೆಯ ಒಳಗೆ ಛಾಯಾಗ್ರಹಣಕ್ಕೆ ಅವಕಾಶವಿಲ್ಲ. ಕ್ಯಾಮೆರಾ ಇಲ್ಲದೆ ತೊಟ್ಟಿಯ ಸುತ್ತ ನಿಧಾನವಾಗಿ ನಡೆಯುವುದಕ್ಕೆ ಬೇರೆಯದೇ ಬೆಲೆಯಿದೆ. ಕಣಜ, ಬಾಣಂತಿ ಕೋಣೆ, ನೇಗಿಲು, ಅಳತೆಯ ಪಾತ್ರೆಗಳನ್ನು ನೋಡುತ್ತಾ ಕಿರಿದಾದ ಏಣಿಮೆಟ್ಟಿಲು ಹತ್ತಿದೆವು. ಪುಸ್ತಕದಲ್ಲಿ ಕಂಬಗಳ ನಕ್ಷೆ ಬರೆದುಕೊಂಡೆ. ಕವಿಶೈಲಕ್ಕೆ ಏರಿದಾಗ ಸಂಜೆ, ಶಾಲೆಯ ಮಕ್ಕಳ ಒಂದು ದೊಡ್ಡ ಗುಂಪು. ಹುಡುಗಿಯೊಬ್ಬಳು ತನ್ನ ಮೇಷ್ಟರನ್ನು ಕೇಳುತ್ತಿದ್ದಳು: "ಸರ್, ಮಳೆ ಬಂದರೆ ಮನೆಯ ನಡುವೆಯೇ ನೀರು ಬೀಳುತ್ತದಲ್ಲ, ಅವರಿಗೆ ಬೇಜಾರಾಗುತ್ತಿರಲಿಲ್ಲವಾ?" ಮೇಷ್ಟರ ಉತ್ತರ ಗಾಳಿಯಲ್ಲಿ ನನಗೆ ಕೇಳಿಸಲಿಲ್ಲ.

ಭಾನುವಾರ: ಘಟ್ಟ ಇಳಿದು

ಆಗುಂಬೆಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಬಸ್ಸು ಹಾರ್ನಿನಿಂದ ಮಾತ್ರ ಗೊತ್ತಾಗುತ್ತಿತ್ತು. ಧಾರಾವಾಹಿಯ ಚಿತ್ರೀಕರಣದಿಂದ ಹೆಸರಾದ ದೊಡ್ಡಮನೆಯ ಜಗಲಿಯಲ್ಲಿ ಬಿಸಿ ಕಷಾಯ ಕುಡಿದೆವು. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದ ಲೆನ್ಸಿನ ಮೇಲೆ ತೇವ ಕಟ್ಟಿ ಏನೂ ಕಾಣಿಸಲಿಲ್ಲ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಬಿಡುವುದೇ ಉಪಾಯ.

ಘಟ್ಟದ ತಿರುವುಗಳನ್ನು ಇಳಿದು ಸೋಮೇಶ್ವರ ತಲುಪಿದಾಗ ಸ್ವೆಟರು ಕಳಚಿದೆವು. ಹೆಬ್ರಿಯಲ್ಲಿ ನೀರುದೋಸೆ, ಕಾರ್ಕಳದಲ್ಲಿ ಪುನರ್ಪುಳಿ ಶರಬತ್ತು. ಘಟ್ಟದ ಕೆಳಗೆ ಮನೆಯ ರೂಪವೂ ಬದಲಾಗುತ್ತದೆ: ಜಂಬಿಟ್ಟಿಗೆಯ ದಪ್ಪ ಗೋಡೆ, ತುಳುನಾಡಿನ ಹಳೆಯ ಜಮೀನ್ದಾರರ ಗುತ್ತಿನ ಮನೆಗಳ ಅಗಲವಾದ ಚಾವಡಿ, ಎದುರಿಗೆ ಗದ್ದೆ.

ಮೂಡುಬಿದಿರೆಯ ಚೌಟರ ಅರಮನೆ ಹೆಸರಿಗೆ ಅರಮನೆ, ಬದುಕಿಗೆ ಮನೆ. ಅರಸರ ವಂಶದವರು ಈಗಲೂ ಅಲ್ಲಿ ವಾಸವಾಗಿದ್ದಾರೆ, ಆದ್ದರಿಂದ ಕೇಳಿಯೇ ಒಳಗೆ ಹೋಗಬೇಕು. ಉಳ್ಳಾಲದ ರಾಣಿ ಅಬ್ಬಕ್ಕನ ಮನೆತನ ಇದು. ಮರದ ಕಂಬಗಳಲ್ಲಿ ಎರಡನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಒಂದರಲ್ಲಿ ಒಂಬತ್ತು ಸ್ತ್ರೀಯರು ಒಬ್ಬರೊಳಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ, ನವನಾರಿ ಕುಂಜರ. ಇನ್ನೊಂದರಲ್ಲಿ ಐವರು ಸೇರಿ ಕುದುರೆ, ಪಂಚನಾರಿ ತುರಗ. ದೂರದಿಂದ ಆನೆ ಕಾಣುತ್ತದೆ. ಹತ್ತಿರ ಹೋದರೆ ಆನೆ ಮಾಯವಾಗಿ ಮುಡಿ, ಬಳೆ, ಮಡಿಸಿದ ಮೊಣಕಾಲು ಮಾತ್ರ. ಯಾವ ದೂರದಲ್ಲಿ ನಿಂತರೆ ಎರಡೂ ಒಟ್ಟಿಗೆ ಕಾಣುತ್ತವೆ ಎಂದು ಹುಡುಕುತ್ತಾ ನಾನು ಮಧ್ಯಾಹ್ನವೆಲ್ಲ ಅಲ್ಲೇ ಕಳೆದೆ. ಭಾವ ಕೆತ್ತನೆಯನ್ನು ಬಿಟ್ಟು ಕಂಬದ ಬುಡದ ಕಲ್ಲನ್ನು ನೋಡುತ್ತಿದ್ದರು. ಮರ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿದ್ದರಿಂದಲೇ ಈ ಹೆಂಗಸರು ಇನ್ನೂ ಉಳಿದಿದ್ದಾರೆ ಎಂದರು. ರಾತ್ರಿ ಮೂಡುಬಿದಿರೆಯಲ್ಲೇ ತಂಗಿ ಮರುದಿನ ಊರಿಗೆ ಹೊರಟೆವು.

ಮರಳಿದ ಮೇಲೆ

ಚಿತ್ರಗಳನ್ನು ಮುದ್ರಿಸಿ ಹೋದ ಮನೆಗಳಿಗೆಲ್ಲ ಅಂಚೆಯಲ್ಲಿ ಕಳುಹಿಸುವುದು ನನ್ನ ಪದ್ಧತಿ. ಮೊಬೈಲಿಗೆ ಕಳುಹಿಸಿದ ಚಿತ್ರ ನಾಲ್ಕು ದಿನಕ್ಕೆ ಮರೆಯುತ್ತದೆ, ಕಾಗದದ್ದು ಗೋಡೆಗೆ ಏರುತ್ತದೆ. ಅಂಚೆ ತಲುಪಿದ ವಾರದಲ್ಲಿ ಹಿನ್ನೀರಿನ ಆಚೆಯ ಯಜಮಾನರು ಫೋನು ಮಾಡಿದರು. ಅಡಿಕೆ ಹೆಚ್ಚು ಕೆಡಲಿಲ್ಲವಂತೆ. ಅವರಿಗೆ ಬೇಕಾಗಿದ್ದು ಟೇಪು ಹಿಡಿದ ಚಿತ್ರಗಳು. ಬಚ್ಚಲಿನ ಮೂಲೆಯ ಮುಂಡಿಗೆಯನ್ನು ಬದಲಿಸಲು ಬಡಗಿ ಒಪ್ಪಿದ್ದಾರೆ, ಮನೆಯದೇ ಹಲಸಿನ ಮರವೊಂದು ಕೊಯ್ದು ಒಣಗಿದೆ, ಬೋದಿಗೆಯ ಸುರುಳಿ ಹಳೆಯದರಂತೆಯೇ ಬರಬೇಕು. ಮುಂಡಿಗೆ, ಬೋದಿಗೆ, ತೊಲೆ ಮೂರನ್ನೂ ದೊಡ್ಡ ಅಳತೆಯಲ್ಲಿ ಮುದ್ರಿಸಿ ಮಾರನೆಯ ದಿನವೇ ಕಳುಹಿಸಿದೆ. ಭಾವ ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆದು, ಹೊಸ ಕಂಬದ ಬುಡಕ್ಕೆ ಕಲ್ಲು ಕೊಡುವುದನ್ನು ಮರೆಯಬೇಡಿ ಎಂದು ಕೆಳಗೆ ಸೇರಿಸಿದರು. ಏಪ್ರಿಲ್ ಕೊನೆಗೆ ಹಂಚು ಕೈಯಾಡಿಸುತ್ತಾರಂತೆ, ಅದಕ್ಕೂ ಮೊದಲೇ ಮುಂಡಿಗೆ ನಿಲ್ಲಿಸಬೇಕು. ಆ ವಾರಕ್ಕೆ ಇಬ್ಬರೂ ರಜೆ ಹಾಕಿದ್ದೇವೆ.